ಗೂಡಿನಲ್ಲಿ ಬಿಟ್ಟುಹೋಗುವ ನಾಯಿಮರಿಗೆ ಶುಚಿತ್ವ ಕಲಿಸುವುದು ಹೇಗೆ?

ಹಿಂದೆ ನಮ್ಮ ಕರಾವಳಿಯ ಮನೆಗಳಲ್ಲಿ ನಾಯಿಗೆ ಶುಚಿತ್ವ ಕಲಿಸುವ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ನಾಯಿಗೊಂದು ಗೂಡು, ಹಗಲಲ್ಲಿ ಅದರೊಳಗೆ ವಾಸ, ರಾತ್ರಿ ತೋಟದ ತುಂಬ ಓಡಾಟ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ನಾಯಿ ಕುಂಯ್‌ಗುಟ್ಟಿದರೆ ಬಾಗಿಲು ತೆರೆಯುತ್ತಿದ್ದರು. ಗಲೀಜು ಮಾಡಿದರೆ ಎರಡು ಕೊಡ ನೀರು ಹೊಯ್ದರೆ ಮುಗಿಯಿತು.

ಇಂದು ಪರಿಸ್ಥಿತಿ ಬದಲಾಗಿದೆ. ಮಂಗಳೂರು, ಉಡುಪಿಯಂತಹ ಊರುಗಳಲ್ಲಿ ಅನೇಕ ಕುಟುಂಬಗಳು ಫ್ಲಾಟುಗಳಲ್ಲಿವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಮಕ್ಕಳ ಒತ್ತಾಯಕ್ಕೆ ತಂದ ನಾಯಿಮರಿಯನ್ನು ಹಗಲಿಡೀ ಕ್ರೇಟ್ ಎಂದು ಕರೆಯಲಾಗುವ ತಂತಿಯ ಅಥವಾ ಪ್ಲಾಸ್ಟಿಕ್ಕಿನ ಗೂಡಿನಲ್ಲಿ ಬಿಟ್ಟು ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಗೂಡೂ ಗಲೀಜು, ಮರಿಯೂ ಗಲೀಜು. ಬೈದರೂ ಹೊಡೆದರೂ ಮರುದಿನ ಅದೇ ಕಥೆ. ಕೆಲವು ತಿಂಗಳು ಕಳೆದ ಮೇಲೆ ಆ ನಾಯಿ ಯಾರದೋ ತೋಟಕ್ಕೆ ಹೋಗುತ್ತದೆ, ಇಲ್ಲವೇ ಮೀನು ಮಾರ್ಕೆಟಿನ ಬಳಿ ಬಿಡಲ್ಪಡುತ್ತದೆ. ಇದನ್ನು ತಪ್ಪಿಸಬೇಕಾದರೆ ನಾವು ಮೊದಲು ಒಂದು ವಿಷಯವನ್ನು ಅರ್ಥಮಾಡಿಕೊಳ್ಳಬೇಕು.

ಸಮಸ್ಯೆ ಹಠದ್ದಲ್ಲ, ಗಂಟೆಗಳದ್ದು

ಮಲಗುವ ಜಾಗವನ್ನು ಶುಚಿಯಾಗಿಟ್ಟುಕೊಳ್ಳುವ ಸ್ವಭಾವ ನಾಯಿಗೆ ಹುಟ್ಟಿನಿಂದಲೇ ಬರುತ್ತದೆ. ಸುಮಾರು ಮೂರು ವಾರ ತುಂಬಿ ಕಾಲು ಗಟ್ಟಿಯಾಗುತ್ತಿದ್ದಂತೆ ಮರಿಗಳು ತಾಯಿಯ ಮಗ್ಗುಲಿನಿಂದ ಸ್ವಲ್ಪ ದೂರ ತೆವಳಿಕೊಂಡು ಹೋಗಿ ಮೂತ್ರ ಮಾಡಲಾರಂಭಿಸುತ್ತವೆ. ಗೂಡಿನ ತರಬೇತಿ ನಿಂತಿರುವುದು ಇದೇ ಸ್ವಭಾವದ ಮೇಲೆ. ಚಿಕ್ಕ ಗೂಡಿನಲ್ಲಿ ಮಲಗುವ ಜಾಗವಲ್ಲದೆ ಬೇರೆ ಜಾಗ ಇಲ್ಲದ ಕಾರಣ ಮರಿ ತಡೆದುಕೊಳ್ಳುತ್ತದೆ. ಸರಿಯಾದ ಹೊತ್ತಿಗೆ ಬಾಗಿಲು ತೆರೆದು ಹೊರಗೆ ಕರೆದುಕೊಂಡು ಹೋದರೆ, ಮೂತ್ರಕ್ಕೆ ಜಾಗ ಹೊರಗೆ ಎಂಬುದನ್ನು ಕಲಿಯುತ್ತದೆ.

ಬಾಗಿಲು ತೆರೆಯುವವರೇ ಇಲ್ಲದಿದ್ದರೆ? ಶಕ್ತಿ ಮೀರಿದಾಗ ಮರಿ ಒಳಗೇ ಮೂತ್ರ ಮಾಡುತ್ತದೆ ಮತ್ತು ಅದರಲ್ಲೇ ಮಲಗುತ್ತದೆ. ದಿನದಿಂದ ದಿನಕ್ಕೆ ಹೀಗೇ ಆದರೆ ಅದರ ಹೇಸಿಗೆ ಮಾಯವಾಗುತ್ತದೆ. ಹುಟ್ಟಿನಿಂದ ಬಂದ ಶುಚಿತ್ವವನ್ನು ನಾವೇ ಅಳಿಸಿದಂತಾಗುತ್ತದೆ. ಅಂಗಡಿಗಳ ಇಕ್ಕಟ್ಟಿನ ಪಂಜರಗಳಲ್ಲಿ ಬೆಳೆದ ಮರಿಗಳಿಗೆ ತರಬೇತಿ ಕಷ್ಟವಾಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಸಮಯಕ್ಕೆ ತೆರೆಯುವ ಗೂಡು ಶುಚಿತ್ವ ಕಲಿಸುತ್ತದೆ, ತೆರೆಯದ ಗೂಡು ಇದ್ದ ಶುಚಿತ್ವವನ್ನೂ ಮರೆಸುತ್ತದೆ.

ಮರಿ ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು?

ತರಬೇತುದಾರರು ಬಳಸುವ ಸುಲಭ ಲೆಕ್ಕವೊಂದಿದೆ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಅಷ್ಟು ಗಂಟೆ ಅದರ ಮೇಲಿನ ಮಿತಿ.

* 2 ತಿಂಗಳ ಮರಿ: ಹೆಚ್ಚೆಂದರೆ 3 ಗಂಟೆ
* 3 ತಿಂಗಳ ಮರಿ: ಹೆಚ್ಚೆಂದರೆ 4 ಗಂಟೆ
* 4 ತಿಂಗಳ ಮರಿ: ಹೆಚ್ಚೆಂದರೆ 5 ಗಂಟೆ
* ಆರೋಗ್ಯವಂತ ಬೆಳೆದ ನಾಯಿ: 6ರಿಂದ 8 ಗಂಟೆ

ಇದು ಮಿತಿಯೇ ಹೊರತು ಗುರಿಯಲ್ಲ. ಎಚ್ಚರವಿದ್ದು ಆಡುವಾಗ ಮರಿಗೆ ಇನ್ನೂ ಬೇಗ ಹೊರಗೆ ಹೋಗಬೇಕಾಗುತ್ತದೆ. ಪೊಮೆರೇನಿಯನ್‌ನಂತಹ ಸಣ್ಣ ಜಾತಿಯ ನಾಯಿಗಳಿಗೆ ಅವಧಿ ಇನ್ನೂ ಕಡಿಮೆ. ಈಗ ನಿಮ್ಮ ಮನೆಯ ಲೆಕ್ಕ ಮಾಡಿ. ಬೆಳಿಗ್ಗೆ ಎಂಟೂವರೆಗೆ ಹೊರಟು ಸಂಜೆ ಐದೂ ಮುಕ್ಕಾಲಿಗೆ ಬರುವವರ ಮನೆ ಒಂಬತ್ತೂ ಕಾಲು ಗಂಟೆ ಖಾಲಿ. ಮೂರು ತಿಂಗಳ ಮರಿಗೆ ಅದು ಅಸಾಧ್ಯ. ಇಲ್ಲಿ ಬೈಗುಳದಿಂದ ಏನೂ ಪ್ರಯೋಜನವಿಲ್ಲ.

ಗೂಡು ಹೇಗಿರಬೇಕು?

ಮರಿ ತಲೆ ತಗ್ಗಿಸದೆ ನಿಲ್ಲುವಷ್ಟು, ಸುತ್ತ ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ಜಾಗ ಬೇಕು. ಅದಕ್ಕಿಂತ ತುಂಬಾ ದೊಡ್ಡದಾದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಮೂತ್ರಕ್ಕೆ ಎಂದಾಗುತ್ತದೆ. ಲ್ಯಾಬ್ರಡಾರ್‌ನಂತಹ ದೊಡ್ಡದಾಗಿ ಬೆಳೆಯುವ ಮರಿಯಾದರೆ ದೊಡ್ಡ ಗೂಡನ್ನೇ ಕೊಂಡು, ಒಳಗೆ ಅಡ್ಡ ತಡೆ ಹಾಕಿ, ಮರಿ ಬೆಳೆದಂತೆ ಹಿಂದಕ್ಕೆ ಸರಿಸಬಹುದು.

ನಮ್ಮ ಕರಾವಳಿಯ ಸೆಕೆಯನ್ನು ಮರೆಯಬಾರದು. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಗೂಡು ಇಡಲೇಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೂ ಗಾಳಿಯಾಡುವ ಜಾಗ ನೋಡಿ. ಮೂತ್ರ ಮಾಡೀತೆಂದು ಹಗಲಲ್ಲಿ ಕುಡಿಯುವ ನೀರು ತಪ್ಪಿಸುವುದು ಅಪಾಯಕಾರಿ. ಉರುಳದಂತೆ ಸರಳಿಗೆ ಸಿಕ್ಕಿಸುವ ಬಟ್ಟಲಿನಲ್ಲಿ ನೀರಿರಲಿ. ಗೂಡಿಗೆ ಹಾಕುವ ಮೊದಲು ಕೊರಳಪಟ್ಟಿ ತೆಗೆಯಿರಿ. ಅದು ಸರಳಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು.

ಮೊದಲು ಪರಿಚಯ, ಆಮೇಲೆ ಬಾಗಿಲು

ಆದಿತ್ಯವಾರ ತಂದು ಸೋಮವಾರ ಗೂಡಿನಲ್ಲಿ ಮುಚ್ಚಿ ಕೆಲಸಕ್ಕೆ ಹೋಗುವುದು ತರಬೇತಿಯಲ್ಲ. ಮರಿ ತರುವಾಗ ಮನೆಯವರಲ್ಲಿ ಒಬ್ಬರಾದರೂ ಒಂದೆರಡು ವಾರ ರಜೆ ಹಾಕುವುದು ಒಳ್ಳೆಯದು. ಆರಂಭದಲ್ಲಿ ಬಾಗಿಲು ತೆರೆದೇ ಇರಲಿ. ಊಟವನ್ನು ಒಳಗೇ ಕೊಡಿ. ತಾನಾಗಿ ಒಳಗೆ ಹೋಗಲು ಕಲಿತ ಮೇಲೆ ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ ಹೀಗೆ ಬಾಗಿಲು ಹಾಕುವ ಹೊತ್ತನ್ನು ಹೆಚ್ಚಿಸುತ್ತಾ ಹೋಗಿ. ನಂತರ ನೀವು ಕೋಣೆಯಿಂದ, ಆಮೇಲೆ ಮನೆಯಿಂದ ಸ್ವಲ್ಪ ಹೊತ್ತು ಹೊರಗೆ ಹೋಗಿ ಬನ್ನಿ. ಒಳಗೆ ತಿಂಡಿ ತುಂಬಿಸುವ ಗಟ್ಟಿ ರಬ್ಬರಿನ ಆಟಿಕೆ ಕೊಟ್ಟರೆ ಬೇಸರ ಕಡಿಮೆ. ಬೇಯಿಸಿದ ಕೋಳಿ ಮೂಳೆ, ಮೀನಿನ ಮುಳ್ಳು ಮಾತ್ರ ಬೇಡ. ಗೂಡನ್ನು ಎಂದೂ ಶಿಕ್ಷೆಯ ಜಾಗವಾಗಿ ಬಳಸಬೇಡಿ.

ಕೆಲಸದ ದಿನದ ವೇಳಾಪಟ್ಟಿ

ಮರಿಗೆ ಹೊರಗೆ ಹೋಗಬೇಕಾಗುವ ಹೊತ್ತುಗಳು ಬಹುಮಟ್ಟಿಗೆ ನಿಶ್ಚಿತ: ನಿದ್ದೆಯಿಂದ ಎದ್ದ ಕೂಡಲೇ, ಊಟವಾದ 15ರಿಂದ 30 ನಿಮಿಷದೊಳಗೆ, ಆಟವಾದ ಮೇಲೆ ಮತ್ತು ಮಲಗುವ ಮೊದಲು. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳು ಚಲಿಸಲು ತೊಡಗುವುದೇ ಊಟದ ನಂತರದ ಅವಸರಕ್ಕೆ ಕಾರಣ. ಆದ್ದರಿಂದ ಊಟದ ಹೊತ್ತು ನಿಶ್ಚಿತವಾದರೆ ಉಳಿದದ್ದೂ ನಿಶ್ಚಿತವಾಗುತ್ತದೆ. ಎಂಟೂವರೆಗೆ ಹೊರಡುವ ಮನೆಗೆ ಹೀಗೊಂದು ಕ್ರಮ ಮಾಡಬಹುದು.

ಬೆಳಿಗ್ಗೆ 6: ಎದ್ದ ಕೂಡಲೇ ಹೊರಗೆ.
6.30: ಊಟ. 6.50ಕ್ಕೆ ಮತ್ತೆ ಹೊರಗೆ, ನಂತರ ಆಟ.
8.15: ಮತ್ತೊಮ್ಮೆ ಹೊರಗೆ. 8.30ಕ್ಕೆ ಗೂಡಿಗೆ.
11.30 ಮತ್ತು 2.30: ಯಾರಾದರೂ ಬಂದು ಹೊರಗೆ ಕರೆದೊಯ್ಯಬೇಕು. ಮಧ್ಯಾಹ್ನದ ಊಟವೂ ಅವರಿಂದಲೇ.
ಸಂಜೆ 5.45: ಚೀಲ ಕೆಳಗಿಡುವ ಮೊದಲೇ ಮರಿಯನ್ನು ಎತ್ತಿಕೊಂಡು ಹೊರಗೆ.
7.30: ಊಟ, ಆಮೇಲೆ ಹೊರಗೆ. ರಾತ್ರಿ 10.30ಕ್ಕೆ ಕೊನೆಯ ಬಾರಿ.

ಪ್ರತಿ ಸಲವೂ ಹಗ್ಗ ಕಟ್ಟಿ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ ಒಂದೇ ಮಾತು ಹೇಳಿ. ಕೆಲಸ ಮುಗಿಸಿದ ಎರಡು ಮೂರು ಸೆಕೆಂಡುಗಳೊಳಗೆ ಹೊಗಳಿ, ಸಣ್ಣ ತಿಂಡಿ ಕೊಡಿ. ಮನೆಗೆ ಬಂದ ಮೇಲೆ ಕೊಟ್ಟರೆ ಯಾವುದಕ್ಕೆ ಕೊಟ್ಟದ್ದೆಂದು ಅದಕ್ಕೆ ತಿಳಿಯದು. ಜೂನ್‌ನಿಂದ ಜಡಿಮಳೆ ಶುರುವಾದಾಗ ಅನೇಕ ಮರಿಗಳು ಹೊರಗೆ ಕಾಲಿಡಲು ಒಪ್ಪುವುದಿಲ್ಲ. ಕೊಡೆ ಹಿಡಿದು ಮಾಡಿನ ಕೆಳಗಿನ ಒಂದು ಜಾಗ ರೂಢಿ ಮಾಡಿಸಿ. ಲಸಿಕೆಗಳು ಪೂರ್ಣವಾಗದ ಮರಿಯನ್ನು ಬೀದಿ ನಾಯಿಗಳು ಓಡಾಡುವ ಜಾಗಕ್ಕೆ ಒಯ್ಯಬೇಡಿ. ಪಾರ್ವೋ ಎಂಬ ಮಾರಕ ವಾಂತಿಭೇದಿಯ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ನಡುವೆ ಬರಲು ಯಾರೂ ಇಲ್ಲದಿದ್ದರೆ

ನೆರೆಮನೆಯ ನಿವೃತ್ತರು, ಮನೆಗೆಲಸಕ್ಕೆ ಬರುವವರು, ಮಧ್ಯಾಹ್ನವೇ ಮನೆಗೆ ಬರುವ ಕಾಲೇಜು ವಿದ್ಯಾರ್ಥಿ ಹೀಗೆ ಯಾರನ್ನಾದರೂ ಒಪ್ಪಿಸಲು ಮೊದಲು ಪ್ರಯತ್ನಿಸಿ. ಹತ್ತು ನಿಮಿಷದ ಕೆಲಸಕ್ಕೆ ಯೋಗ್ಯ ಸಂಬಳ ಕೊಡಿ. ಅದೂ ಸಾಧ್ಯವಿಲ್ಲವಾದರೆ ಗೂಡಿನ ಬಾಗಿಲು ಮುಚ್ಚಬೇಡಿ. ಒಂದು ಕೋಣೆಯ ಭಾಗಕ್ಕೆ ತಡೆ ಕಟ್ಟಿ, ಒಂದು ತುದಿಯಲ್ಲಿ ತೆರೆದ ಗೂಡು ಮತ್ತು ನೀರು, ಇನ್ನೊಂದು ತುದಿಯಲ್ಲಿ ಮಣ್ಣು ಅಥವಾ ಹುಲ್ಲು ಹಾಕಿದ ತಟ್ಟೆ ಇಡಿ. ಹಳೆ ಪೇಪರೂ ಆಗುತ್ತದೆ. ಆದರೆ ಪೇಪರಿಗೆ ಒಗ್ಗಿದ ಮರಿ ನೆಲದ ಮೇಲೆ ಬಿದ್ದ ಇಂದಿನ ಪತ್ರಿಕೆಯನ್ನೂ ಬಿಡುವುದಿಲ್ಲ. ಹುಲ್ಲಿಗೆ ಒಗ್ಗಿದ್ದು ಮುಂದೆ ಹೊರಗಿನ ಹುಲ್ಲಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಈ ದಾರಿಯಲ್ಲಿ ತರಬೇತಿ ನಿಧಾನ, ಆದರೆ ಮರಿ ತನ್ನ ಹೊಲಸಿನಲ್ಲಿ ತಾನೇ ಮಲಗುವುದು ತಪ್ಪುತ್ತದೆ.

ಗಲೀಜು ಮಾಡಿದಾಗ

ಸಂಜೆ ಬಂದು ಮೂತಿಯನ್ನು ಗಲೀಜಿಗೆ ಉಜ್ಜುವ ಕ್ರಮ ಈಗಲೂ ಕೆಲವರಲ್ಲಿದೆ. ಅದು ಕ್ರೌರ್ಯ ಮಾತ್ರವಲ್ಲ, ನಿಷ್ಪ್ರಯೋಜಕವೂ ಹೌದು. "ತಪ್ಪು ಮಾಡಿದೆನೆಂದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ" ಎನ್ನುವವರಿದ್ದಾರೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. ನಾಯಿ ತಪ್ಪು ಮಾಡಿತ್ತೋ ಇಲ್ಲವೋ, ಯಜಮಾನ ಬೈದಾಗಲೇ ಆ 'ತಪ್ಪಿತಸ್ಥ ಮುಖ' ಹೆಚ್ಚಾಗಿ ಕಂಡುಬಂದಿತ್ತು. ಅಂದರೆ ಅದು ಬೈಗುಳಕ್ಕೆ ಪ್ರತಿಕ್ರಿಯೆ, ಪಶ್ಚಾತ್ತಾಪವಲ್ಲ. ಹೊಡೆತ ತಿಂದ ಮರಿ ಕಲಿಯುವುದು ನಿಮ್ಮ ಕಣ್ಣಿಗೆ ಬೀಳದಂತೆ ಮೂಲೆಯಲ್ಲಿ ಮೂತ್ರ ಮಾಡುವುದನ್ನು ಮಾತ್ರ.

ನಾಯಿಯ ಮೂಗಿಗೆ ವಾಸನೆ ಉಳಿದರೆ ಅದೇ ಜಾಗ ಮತ್ತೆ ಕರೆಯುತ್ತದೆ. ಫಿನಾಯಿಲ್ ನಮಗೆ ವಾಸನೆಯನ್ನು ಮುಚ್ಚುತ್ತದೆ, ಅದಕ್ಕಲ್ಲ. ಜೊತೆಗೆ ಅದನ್ನು ನೆಕ್ಕಿದರೆ ಮರಿಗೆ ಅಪಾಯ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ ಉತ್ತಮ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ಮೂತ್ರವನ್ನೇ ನೆನಪಿಸುತ್ತದೆ. ಶುಚಿಗೊಳಿಸುವಾಗ ಕೈಗವಸು ಧರಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಕಾಡುವ ಇಲಿ ಜ್ವರ ಸೋಂಕು ತಗಲಿದ ನಾಯಿಯ ಮೂತ್ರದಿಂದಲೂ ಹರಡಬಲ್ಲದು. ಅದಕ್ಕೆ ನಾಯಿಗಳಿಗೆ ಲಸಿಕೆಯಿದೆ.

ಯಾವಾಗ ಪಶುವೈದ್ಯರನ್ನು ಕಾಣಬೇಕು?

ತರಬೇತಿ ಪಡೆದ ನಾಯಿ ಹಠಾತ್ತನೆ ಗೂಡಿನಲ್ಲಿ ಮೂತ್ರ ಮಾಡತೊಡಗಿದರೆ, ಪದೇ ಪದೇ ಹನಿ ಹನಿಯಾಗಿ ಮಾಡಿದರೆ, ಅತಿಯಾಗಿ ನೀರು ಕುಡಿದರೆ ಮೂತ್ರಕೋಶದ ಸೋಂಕು, ಹುಳು, ಸಕ್ಕರೆ ಕಾಯಿಲೆ ಮುಂತಾದವುಗಳನ್ನು ಪರೀಕ್ಷಿಸಬೇಕು. ನೀವು ಹೊರಟ ಕೂಡಲೇ ಜೊಲ್ಲು ಸುರಿಸಿ, ಸರಳು ಕಚ್ಚಿ, ಉಗುರು ಮುರಿದುಕೊಂಡರೆ ಅದು ಒಂಟಿತನದ ಭೀತಿ. ಅಂತಹ ನಾಯಿಗೆ ಗೂಡು ಸಲ್ಲದು. ವೈದ್ಯರ ಸಲಹೆ ಬೇಕು. ಈಗಾಗಲೇ ಗೂಡಿನಲ್ಲೇ ಗಲೀಜು ಮಾಡಿ ರೂಢಿಯಾದ ಮರಿಯಾದರೆ ಕೆಲವು ವಾರ ಗೂಡನ್ನು ಪೂರ್ತಿ ಬಿಟ್ಟು, ಮೇಲೆ ಹೇಳಿದ ತಡೆಕಟ್ಟಿದ ಜಾಗದಲ್ಲಿ ಇಟ್ಟು, ಹೊಸ ಹಾಸಿಗೆ, ಹೊಸ ಮೂಲೆಯೊಂದಿಗೆ ಮೊದಲಿನಿಂದ ಆರಂಭಿಸಿ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಚಲಿಸಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದೂ ಅಪರಾಧವೇ. ಸ್ವೀಡನ್ ದೇಶದ ನಿಯಮ ಇನ್ನೂ ಸ್ಪಷ್ಟ: ನಾಯಿಯನ್ನು ಕನಿಷ್ಠ ಆರು ಗಂಟೆಗೊಮ್ಮೆ ಹೊರಗೆ ಬಿಡಬೇಕು, ಮರಿಗಳನ್ನು ಇನ್ನೂ ಹೆಚ್ಚು ಬಾರಿ.

ಮರಿ ತರುವ ಮುನ್ನ ಮನೆಯವರೆಲ್ಲ ಕುಳಿತು ಒಂದು ಕಾಗದದಲ್ಲಿ ದಿನದ ಗಂಟೆಗಳನ್ನು ಬರೆಯಿರಿ. ಹನ್ನೊಂದೂವರೆಗೆ ಮತ್ತು ಎರಡೂವರೆಗೆ ಬಾಗಿಲು ತೆರೆಯುವವರ ಹೆಸರು ಬರೆಯಲು ಸಾಧ್ಯವಾದರೆ ಧೈರ್ಯದಿಂದ ತನ್ನಿ. ಸಾಧ್ಯವಾಗದಿದ್ದರೆ ಶುಚಿತ್ವ ಕಲಿತ ಬೆಳೆದ ನಾಯಿಯನ್ನು ದತ್ತು ಪಡೆಯುವ ಬಗ್ಗೆ ಯೋಚಿಸಿ. ಅದಕ್ಕೂ ನಡುಹಗಲಲ್ಲಿ ಒಮ್ಮೆ ಬಾಗಿಲು ತೆರೆಯುವವರು ಬೇಕು. ಅದೂ ಆಗದಿದ್ದರೆ ಮಕ್ಕಳಿಗೆ "ಈಗ ಬೇಡ" ಎಂದು ಹೇಳಿ. ಮುಂದೆ ಬೀದಿಪಾಲಾಗಬಹುದಾದ ಒಂದು ಜೀವ ಅದರಿಂದ ಉಳಿಯುತ್ತದೆ.