ಅಡುಗೆಯವರ ಕಾಲು ಮತ್ತು ಸಕ್ಕರೆ ಕಾಯಿಲೆ

ನಮ್ಮ ವೃತ್ತಿಯಲ್ಲಿ ಕೈಗೆ ಸಿಕ್ಕ ಮರ್ಯಾದೆ ಕಾಲಿಗೆ ಸಿಕ್ಕಿಲ್ಲ. ಊಟ ಮಾಡಿ ಎದ್ದವರು ಕೈರುಚಿಯನ್ನು ಹೊಗಳಿ ಹೋಗುತ್ತಾರೆ. ಬೆಳಗಿನ ಜಾವ ಒಲೆ ಹಚ್ಚಿದಲ್ಲಿಂದ ಕೊನೆಯ ಪಂಕ್ತಿ ಏಳುವವರೆಗೆ ಒದ್ದೆ ನೆಲದಲ್ಲಿ ನಿಂತ ಕಾಲನ್ನು ಯಾರೂ ನೋಡುವುದಿಲ್ಲ. ಅಡುಗೆಯವರು ಸ್ವತಃ ನೋಡಿಕೊಳ್ಳುವುದೂ ಕಡಿಮೆ.

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಒಂದು ಮದುವೆಯಲ್ಲಿ ನಮ್ಮ ತಂಡದ ಹಿರಿಯ ಭಟ್ಟರೊಬ್ಬರು ಬಾಣಲೆಯ ಮುಂದೆ ನಿಂತಿದ್ದರು. ಪಾತ್ರೆ ತೊಳೆಯುವ ಹುಡುಗ ನೆಲದ ಮೇಲೆ ರಕ್ತದ ಹೆಜ್ಜೆ ಕಂಡು ಕೂಗಿದ. ನೋಡಿದರೆ ಭಟ್ಟರ ಅಂಗಾಲಿನಲ್ಲಿ ತೆಂಗಿನ ಗೆರಟೆಯ ಚೂರು ನೆಟ್ಟಿತ್ತು. "ನೋವಾಗಲಿಲ್ಲವಾ ಭಟ್ರೇ?" ಎಂದು ಕೇಳಿದೆ. "ಇಲ್ಲ ಮಾರಾಯ್ರೆ, ಗೊತ್ತೇ ಆಗಲಿಲ್ಲ" ಎಂದು ನಕ್ಕು, ಚೂರು ಕಿತ್ತು, ಅರಸಿನ ಮೆತ್ತಿ, ಬಟ್ಟೆ ಸುತ್ತಿ ಮತ್ತೆ ವಡೆ ತಟ್ಟಲು ನಿಂತರು. ಅವರ ಸಹನೆಯನ್ನು ನಾವೆಲ್ಲ ಮೆಚ್ಚಿಕೊಂಡೆವು. ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದುದು ಎಲ್ಲರಿಗೂ ಗೊತ್ತಿತ್ತು. ಮೂರನೇ ವಾರದಲ್ಲಿ ಅವರ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಅದು ಸಹನೆಯಾಗಿರಲಿಲ್ಲ, ಕಾಯಿಲೆಯಾಗಿತ್ತು. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಕಾಲಿನ ನರಗಳು ಸೊರಗುತ್ತವೆ. ಮೊದಲು ಜುಮ್ಮೆನ್ನುವುದು, ಉರಿ, ಹತ್ತಿಯ ಮೇಲೆ ನಡೆದಂತಾಗುವುದು. ಆಮೇಲೆ ಏನೂ ಇಲ್ಲ. ಈ 'ಏನೂ ಇಲ್ಲ' ಎಂಬುದನ್ನು ನಮ್ಮವರು ಗುಣವಾಯಿತೆಂದು ತಿಳಿಯುತ್ತಾರೆ. ಜತೆಗೆ ರಕ್ತನಾಳಗಳೂ ಕಿರಿದಾದರೆ ಗಾಯ ಮಾಯುವುದು ನಿಧಾನ. ಬೀಡಿ, ಸಿಗರೇಟು ಸೇದುವವರಿಗಂತೂ ಇದು ಇನ್ನೂ ಬೇಗ ಬರುತ್ತದೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜು ಮಾಡಿತು. ನಮ್ಮ ಅಡುಗೆಮನೆಗಳಲ್ಲಿ ಇಂಥವರು ಇಲ್ಲವೆಂದು ಯಾರೂ ಹೇಳಲಾರರು.

ನೋವಿನ ಬೆಲೆಯನ್ನು ತಿಳಿಸಿಕೊಟ್ಟವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಡಾ. ಪಾಲ್ ಬ್ರ್ಯಾಂಡ್ ಪ್ರಮುಖರು. ಕುಷ್ಠರೋಗಿಗಳ ಕೈಕಾಲು ತಾನಾಗಿ ಕೊಳೆತು ಉದುರುತ್ತದೆಂದು ಜನ ನಂಬಿದ್ದ ಕಾಲವದು. ಸ್ಪರ್ಶಜ್ಞಾನ ಹೋದದ್ದರಿಂದ ಆಗುವ ಸುಟ್ಟಗಾಯ, ಒತ್ತಡದ ಗಾಯಗಳು ಗಮನಕ್ಕೆ ಬಾರದೆ ಅಂಗ ಹಾಳಾಗುತ್ತದೆಂದು ಅವರು ತೋರಿಸಿದರು. ಮುಂದೆ ಅಮೆರಿಕದಲ್ಲಿ ಇದೇ ತಿಳಿವಳಿಕೆಯನ್ನು ಮಧುಮೇಹಿಗಳ ಕಾಲಿಗೂ ಅನ್ವಯಿಸಿದರು. ಇಂದು ಮಧುಮೇಹಿಗಳಿಗೆ ವೈದ್ಯರು ಬರೆದುಕೊಡುವ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಯೂ ನಮ್ಮ ದೇಶದಲ್ಲಿ ಕುಷ್ಠರೋಗ ಚಿಕಿತ್ಸೆಯ ದಾರಿಯಲ್ಲೇ ಬಂದದ್ದು.

ನೋವು ಮಾಡಬೇಕಾದ ಕೆಲಸವನ್ನು ಈಗ ಕಣ್ಣು ಮಾಡಬೇಕು. ರಾತ್ರಿ ಕೆಲಸ ಮುಗಿದ ಮೇಲೆ ಐದು ನಿಮಿಷ ಸಾಕು. ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಬೆರಳ ಸಂದು ಸೇರಿ ಒರೆಸಿ. ನೀರಿನ ಬಿಸಿಯನ್ನು ಕಾಲಿನಿಂದ ಅಳೆಯಬಾರದು; ಮೊಣಕೈ ಅದ್ದಿ ನೋಡಿ, ಇಲ್ಲವೆ ಸ್ಪರ್ಶ ಸರಿಯಿರುವ ಬೇರೆಯವರಿಗೆ ಹೇಳಿ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಒಂದು ಕನ್ನಡಿ ಇಟ್ಟುಕೊಳ್ಳಿ. ಬಿರುಕು, ಗುಳ್ಳೆ, ಕೆಂಪು, ಬೆರಳ ಸಂದಿನ ಬಿಳಿಚಿದ ಚರ್ಮ ಇವನ್ನು ಹುಡುಕಬೇಕು. ಒಡೆದ ಹಿಮ್ಮಡಿಗೆ ಎಣ್ಣೆಯೋ ಕ್ರೀಮೋ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಬೇಡ. ದಿನವಿಡೀ ನೀರಿನಲ್ಲಿ ನಿಲ್ಲುವ ನಮಗೆ ಸಂದಿನಲ್ಲೇ ಹುಣ್ಣು ಹತ್ತುವುದು. ಉಗುರು ನೇರವಾಗಿ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಅಂಗಡಿಯ ಆಣಿ ಪಟ್ಟಿ ಅಂಟಿಸುವುದು ಎರಡೂ ಕೂಡದು. ಆ ಪಟ್ಟಿಯ ಔಷಧಿ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಇನ್ನು ಪಾದರಕ್ಷೆಯ ವಿಚಾರ. ಜಗಳ ಬರುವುದು ಇಲ್ಲೇ. ಮಡಿ ಅಡುಗೆಗೆ ಚಪ್ಪಲಿ ಹೇಗೆ ಹಾಕುವುದೆಂದು ಹಿರಿಯರು ಕೇಳುತ್ತಾರೆ. ಆ ಭಾವನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಹೊರಗೆ ಮೆಟ್ಟದ, ಚರ್ಮದ್ದಲ್ಲದ, ತೊಳೆಯಲು ಬರುವ ಒಂದು ಜತೆಯನ್ನು ಅಡುಗೆಮನೆಗೆಂದೇ ಇಡಬಹುದು. ಯಜಮಾನರಿಗೆ ಮೊದಲೇ ತಿಳಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಖಂಡಿತ ಒಪ್ಪದ ಕಡೆಗೆ ಕಾಲಿನ ಸ್ಪರ್ಶ ಹೋದವರನ್ನು ಕಳುಹಿಸದಿರುವುದೇ ಕ್ಷೇಮ. ಹವಾಯಿ ಚಪ್ಪಲಿ ಇದಕ್ಕೆ ಉತ್ತರವಲ್ಲ. ಅದರ ಪಟ್ಟಿ ಬೆರಳ ಸಂದನ್ನು ಉಜ್ಜುತ್ತದೆ, ಚೆಲ್ಲಿದ ಎಣ್ಣೆಯನ್ನು ತಡೆಯುವುದಿಲ್ಲ. ಸ್ಪರ್ಶವಿಲ್ಲದವರ ಕಾಲಿನಿಂದ ಅದು ಕಳಚಿ ಬಿದ್ದರೂ ಅವರಿಗೆ ತಿಳಿಯುವುದಿಲ್ಲ. ಮುಂಭಾಗ ಮುಚ್ಚಿದ, ಬೆರಳಿಗೆ ಜಾಗವಿರುವ, ಹಿಂದೆ ಪಟ್ಟಿಯಿರುವ, ಜಾರದ ಅಡಿಯುಳ್ಳದ್ದು ಬೇಕು. ಸಂಜೆ ಹೊತ್ತು ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಹಾಕುವ ಮೊದಲು ಒಳಗೆ ಕೈಯಾಡಿಸಿ. ಕಾಲುಚೀಲ ಒದ್ದೆಯಾದರೆ ಬದಲಿಸಿ.

ಗಾಯವಾದರೆ ಶುದ್ಧ ನೀರಿನಲ್ಲಿ ತೊಳೆದು, ಶುಚಿಯಾದ ಬಟ್ಟೆ ಕಟ್ಟಿ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಅರಸಿನ, ಸುಣ್ಣ, ಕಾಫಿಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಕಪ್ಪು ಬಣ್ಣ, ದುರ್ವಾಸನೆ, ಜ್ವರ ಕಂಡರೆ ಬೆಳಗಾಗುವುದನ್ನು ಕಾಯಬೇಡಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ ಊದಿಕೊಂಡರೂ ತಡಮಾಡಬಾರದು. ಒಳಗೆ ಮೂಳೆ ಮುರಿಯುತ್ತಿರಬಹುದು. ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಕಾಲಿನ ಪರೀಕ್ಷೆ ಆಗಬೇಕು. ವೈದ್ಯರು ತೆಳು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶ ಎಷ್ಟಿದೆಯೆಂದು ನೋಡುತ್ತಾರೆ. ನಾವು ರಕ್ತಪರೀಕ್ಷೆಯ ಚೀಟಿ ತೋರಿಸಿ ಬಂದುಬಿಡುತ್ತೇವೆ, ಚಪ್ಪಲಿ ಬಿಚ್ಚುವುದೇ ಇಲ್ಲ.

ಗುತ್ತಿಗೆದಾರ ಬಂಧುಗಳಲ್ಲಿ ಒಂದು ವಿನಂತಿ. ಅಂಗಾಲಿನ ಗಾಯ ಮಾಯಬೇಕಾದರೆ ಅದರ ಮೇಲೆ ಭಾರ ಬೀಳಬಾರದು. ಔಷಧಿ ಕೊಡಿಸಿ ಮರುದಿನ ಒಲೆಯ ಮುಂದೆ ನಿಲ್ಲಿಸಿದರೆ ಔಷಧಿಯ ಹಣವೂ ವ್ಯರ್ಥ. ದಿನಗೂಲಿಯವರು ಗಾಯವನ್ನು ಮುಚ್ಚಿಡುವುದು ಕೂಲಿ ತಪ್ಪುವ ಭಯದಿಂದ. ಗಾಯ ಮಾಯುವವರೆಗೆ ಅರ್ಧ ಕೂಲಿಯಾದರೂ ಕೊಟ್ಟರೆ, ಅಥವಾ ಕುಳಿತು ಮಾಡುವ ತರಕಾರಿ ಹೆಚ್ಚುವ ಕೆಲಸ ಕೊಟ್ಟರೆ ಅವರು ಕಾಲು ತೋರಿಸುತ್ತಾರೆ.

ನಮ್ಮ ಭಟ್ಟರು ಈಗ ಹಾಗೆಯೇ ಕುಳಿತು ಹೆಚ್ಚುತ್ತಾರೆ, ಒಗ್ಗರಣೆಯ ಹೊತ್ತಿಗೆ ಮಾತ್ರ ಎದ್ದು ಬರುತ್ತಾರೆ. ರಾತ್ರಿ ಕೆಲಸ ಮುಗಿದ ಮೇಲೆ ಚೀಲದಿಂದ ಕನ್ನಡಿ ತೆಗೆದು ಮೊದಲು ತಮ್ಮ ಕಾಲು ನೋಡಿಕೊಳ್ಳುತ್ತಾರೆ. ಆಮೇಲೆ, "ಬಾ ಇಲ್ಲಿ, ಕಾಲು ತೋರಿಸು" ಎಂದು ತಂಡದ ಉಳಿದ ಇಬ್ಬರು ಸಕ್ಕರೆ ಕಾಯಿಲೆಯವರನ್ನು ಕರೆಯುತ್ತಾರೆ.