ಲಾಟ್ವಿಯನ್ ಭಾಷೆಯಲ್ಲಿ ಚತುರ್ಥೀ ವಿಭಕ್ತಿ

ಚತುರ್ಥಿಯನ್ನು ಸಂಪ್ರದಾನದ ವಿಭಕ್ತಿಯೆಂದು ವ್ಯಾಕರಣಗಳು ಕಲಿಸುತ್ತವೆ. ಆ ಹೆಸರನ್ನೇ ನೆಚ್ಚಿದವರಿಗೆ ಬಾಲ್ಟಿಕ್ ಶಾಖೆಯ ಲಾಟ್ವಿಯನ್ ಭಾಷೆಯ ವಾಕ್ಯ ಬಿಡಿಸಲಾಗದ ಗಂಟಾಗುತ್ತದೆ. ಅಲ್ಲಿ ಕೊಡುವ, ಪಡೆಯುವ ಅರ್ಥ ಚತುರ್ಥಿಯ ಒಂದು ಅಂಶ ಮಾತ್ರ. ಚಳಿ, ನೋವು, ಇಷ್ಟ ಮೊದಲಾದ ಅನುಭವಗಳಿಗೆ ಕನ್ನಡದಂತೆ ಅಲ್ಲಿಯೂ 'ನನಗೆ' ಎಂಬ ರೂಪವೇ ಸಲ್ಲುತ್ತದೆ. ಸ್ವಾಮ್ಯಕ್ಕೂ ಅದೇ: 'ಮನ್ ಇರ್ ಗ್ರಾಮತ' ಎಂದರೆ ಪದಶಃ 'ನನಗೆ ಇದೆ ಪುಸ್ತಕ'. ಕನ್ನಡವು 'ನನಗೆ ಇಬ್ಬರು ಮಕ್ಕಳು' ಎನ್ನುತ್ತದೆ. ಪುಸ್ತಕದ ಮಾತು ಬಂದರೆ 'ನನ್ನ ಬಳಿ' ಎಂದು ದಾರಿ ಬದಲಿಸುತ್ತದೆ. ಲಾಟ್ವಿಯನ್ನಿಗೆ ಈ ಭೇದವಿಲ್ಲ. ಅದರ ಸೋದರಭಾಷೆಯಾದ ಲಿಥುವೇನಿಯನ್ನಿನಲ್ಲಾದರೋ 'ಹೊಂದಿರು' ಎಂಬರ್ಥದ ಕ್ರಿಯಾಪದವೇ ಉಂಟು.

ಹೆಚ್ಚು ಕುತೂಹಲಕರವಾದುದು ಕರ್ತವ್ಯಾರ್ಥದ ರಚನೆ. 'ಎಸ್ ಲಸು ಗ್ರಾಮತು' (ನಾನು ಪುಸ್ತಕವನ್ನು ಓದುತ್ತೇನೆ) ಎಂಬಲ್ಲಿ ಕರ್ತೃಪದ ಪ್ರಥಮೆಯಲ್ಲಿದೆ, ಕರ್ಮಪದ ದ್ವಿತೀಯೆಯಲ್ಲಿದೆ. ಕ್ರಿಯಾಪದದ ಮೊದಲಿಗೆ 'ಯಾ' ಸೇರಿದೊಡನೆ ವಾಕ್ಯವು 'ಮನ್ ಯಾಲಸ ಗ್ರಾಮತ' (ನಾನು ಪುಸ್ತಕ ಓದಬೇಕು) ಎಂದಾಗುತ್ತದೆ. ಕರ್ತೃ ಚತುರ್ಥಿಗೆ ಸರಿಯುತ್ತದೆ, ಕರ್ಮ ಪ್ರಥಮೆಗೆ ಬರುತ್ತದೆ. 'ನಾನು', 'ನೀನು' ಮುಂತಾದ ಸರ್ವನಾಮಗಳು ಕರ್ಮವಾದಾಗ ಮಾತ್ರ ದ್ವಿತೀಯೆ ಉಳಿಯುತ್ತದೆ. ಕ್ರಿಯಾರೂಪವು ಯಾವ ಪುರುಷಕ್ಕೂ ಬದಲಾಗದು. ಕನ್ನಡದ 'ಬೇಕು' ಸಹ ಬದಲಾಗದು. ಆದರೆ 'ನಾನು ಓದಬೇಕು' ಎಂಬಲ್ಲಿ ಕರ್ತೃ ಪ್ರಥಮೆಯಲ್ಲಿಯೇ ನಿಲ್ಲುತ್ತದೆ. ಮುಂಬಯಿ, ದೆಹಲಿಗಳ ಕನ್ನಡ ವಿದ್ಯಾರ್ಥಿಗಳಿಗೆ ಲಾಟ್ವಿಯನ್ನಿನ ಕ್ರಮ ತೀರ ಹೊಸದೆನಿಸಲಾರದು. ಮರಾಠಿಯ 'ಮಲಾ ಜಾಯಚೆ ಆಹೆ', ಹಿಂದಿಯ 'ಮುಝೆ ಜಾನಾ ಹೈ' ಇದೇ ಜಾಡಿನವು.

ನಾಮಪದಕ್ಕೆ ಮೊದಲು ಬರುವ ಸಂಬಂಧಸೂಚಕ ಅವ್ಯಯಗಳು ಏಕವಚನದಲ್ಲಿ ಬೇರೆ ಬೇರೆ ವಿಭಕ್ತಿಗಳನ್ನು ಬೇಡಿದರೂ ಬಹುವಚನದಲ್ಲಿ ಚತುರ್ಥಿಯೊಂದನ್ನೇ ಬೇಡುತ್ತವೆ. 'ಬೆಜ್ ದ್ರೌಗ' (ಗೆಳೆಯನಿಲ್ಲದೆ) ಷಷ್ಠಿ. 'ಬೆಜ್ ದ್ರೌಗಿಯೆಮ್' (ಗೆಳೆಯರಿಲ್ಲದೆ) ಚತುರ್ಥಿ.