ತಾಳ ಕತ್ತರಿಸಿ ಕಟ್ಟಿದ ಹಾಡು

ಕ್ಯಾಸೆಟ್ ವೇಗವಾಗಿ ಓಡಿದರೆ ಗಾಯಕರ ದನಿ ಕೀರಲಾಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ವೇಗದ ಜೊತೆಗೆ ಶಬ್ದದ ಆವೃತ್ತಿಯೂ ಏರುವುದೇ ಅದಕ್ಕೆ ಕಾರಣ. ಇವೆರಡನ್ನೂ ಬೇರ್ಪಡಿಸಬಲ್ಲ ಎಲೆಕ್ಟ್ರಾನಿಕ್ ಉಪಕರಣ ಬಂದಾಗ, ತಾಳದ ಓಟ ಕೆಡದಂತೆ ಡ್ರಮ್ಮಿನ ಶ್ರುತಿಯನ್ನಷ್ಟೇ ಏರಿಳಿಸಿ 1992ರಲ್ಲಿ 'ಟರ್ಮಿನೇಟರ್' ಎಂಬ ಧ್ವನಿಮುದ್ರಿಕೆ ತಂದವರು ಇಂಗ್ಲೆಂಡಿನ ಗೋಲ್ಡಿ.

ನಿಜನಾಮ ಕ್ಲಿಫರ್ಡ್ ಪ್ರೈಸ್. ಹುಟ್ಟಿದ್ದು 1965ರಲ್ಲಿ, ವಾಲ್ಸಾಲ್‌ನಲ್ಲಿ. ತಂದೆ ಜಮೈಕಾದವರು, ತಾಯಿ ಸ್ಕಾಟ್ಲೆಂಡಿನವರು. ಆದರೆ ಬಾಲ್ಯ ಕಳೆದದ್ದು ಸಾಕುಮನೆಗಳಲ್ಲಿ, ಮಕ್ಕಳ ಆಶ್ರಯಧಾಮಗಳಲ್ಲಿ. ಮೊದಲು ಹೆಸರು ತಂದದ್ದು ಬೀದಿಗೋಡೆಗಳ ಮೇಲೆ ಬರೆದ ಬಣ್ಣದ ಚಿತ್ರಗಳು. ಬೈಗುಳವೇ ಹೆಚ್ಚು ಸಿಗುವ ಕಲೆ ಅದು!

1995ರಲ್ಲಿ ಬಂದ 'ಟೈಮ್‌ಲೆಸ್' ಆಲ್ಬಂ 'ಡ್ರಮ್ ಅಂಡ್ ಬೇಸ್' ಸಂಗೀತದ ಮೈಲಿಗಲ್ಲು. ಅದರ ಮೊದಲ ರಚನೆಯೇ 21 ನಿಮಿಷದ್ದು. ತಂತ್ರಜ್ಞ ರಾಬ್ ಪ್ಲೇಫರ್ಡ್ ನೆರವಿನಿಂದ ಡ್ರಮ್ಮಿನ ತುಣುಕುಗಳನ್ನು ಕತ್ತರಿಸಿ, ಮರಳಿ ಜೋಡಿಸಿ, ನಿಮಿಷಕ್ಕೆ 150 ದಾಟುವ ಬಡಿತಗಳಲ್ಲಿ ಓಡಿಸಿದ್ದಾರೆ. ಅದರ ಮೇಲೆ ಡಯೇನ್ ಷಾರ್ಲಮೇನ್ ಅವರ ಕಂಠ ನಿಧಾನವಾಗಿ, ತೇಲಿದಂತೆ ಬರುತ್ತದೆ. ಹಾಡಿನ ವಸ್ತು ನಗರದ ಬಡ ಕೇರಿಗಳ ಒತ್ತಡದ ಬದುಕು. ಕುಣಿತದ ಸಂಗೀತವೆಂದು ಮೂಗು ಮುರಿಯುವವರು ಈ ಭಾಗವನ್ನೊಮ್ಮೆ ಕೇಳಬೇಕು.

ಸ್ವರಲಿಪಿ ಓದಲು ಬಾರದ ಗೋಲ್ಡಿ, ಬಲ್ಲವರ ಸಹಾಯದಿಂದ ರಚಿಸಿದ ವಾದ್ಯವೃಂದದ ಕೃತಿಯೊಂದು 2009ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಯಿತು.